ಟಕಟಕಮ್ಮನ ಮೆತ್ತನೆ ಚಪ್ಪಲಿ

ಆ ಹಾಸ್ಟೆಲಿನಲ್ಲಿ ಸದ್ದು ಮಾಡದೆ ನಡೆಯುವವರು ಕಳ್ಳರೆಂದೇ ಲೆಕ್ಕ. ಹೊಸದಾಗಿ ಕೆಲಸಕ್ಕೆ ಸೇರಿದವರ ಕಿವಿಗೆ ಮೊದಲ ದಿನವೇ ಈ ಮಾತು ಹಾಕುತ್ತಿದ್ದರು. ಇಲ್ಲಿಯ ಮಕ್ಕಳಿಗೆ ಕಣ್ಣು ಕಾಣುವುದಿಲ್ಲ. ಕುರ್ಚಿಯನ್ನು ಇದ್ದಲ್ಲಿಂದ ಗೇಣು ಸರಿಸಬಾರದು. ಬಾಗಿಲನ್ನು ಪೂರ್ತಿ ತೆಗೆಯಬೇಕು, ಇಲ್ಲವೇ ಪೂರ್ತಿ ಹಾಕಬೇಕು. ಅರ್ಧ ತೆರೆದಿಟ್ಟ ಬಾಗಿಲ ಅಂಚು ಎಷ್ಟು ಹಣೆಗಳನ್ನು ಒಡೆದಿದೆಯೋ ದೇವರೇ ಬಲ್ಲ. ಎಲ್ಲಕ್ಕಿಂತ ಮೇಲಾಗಿ, ಒಂದು ಕೋಣೆಗೆ ಕಾಲಿಟ್ಟರೆ ಕಾಲಿಟ್ಟದ್ದು ಕೇಳಿಸಬೇಕು. ಸದ್ದಿಲ್ಲದೆ ಒಳಗೆ ಬಂದು ನಿಂತವರು ಕಿಟಕಿಯಲ್ಲಿ ಇಣುಕಿ ನೋಡಿದವರಿಗೆ ಸಮ.

ಈ ನಿಯಮವನ್ನು ಎಲ್ಲರಿಗಿಂತ ಚೆನ್ನಾಗಿ ಪಾಲಿಸುತ್ತಿದ್ದವಳು ಹುಡುಗಿಯರ ಕಡೆಯ ಆಯಾ. ಅವಳು ಅನ್ನುವುದಕ್ಕಿಂತ ಅವಳ ಚಪ್ಪಲಿ ಪಾಲಿಸುತ್ತಿತ್ತು ಅನ್ನಬೇಕು. ಮರದ ಹಾಗೆ ಗಟ್ಟಿಯಾದ ಅಟ್ಟೆ, ಕೆಳಗೆ ಕಲ್ಲಿನ ನೆಲ; ಎರಡೂ ಸೇರಿದರೆ ಇಡೀ ಕಟ್ಟಡಕ್ಕೆ ಕೇಳುವಂಥ ಟಕ ಟಕ. ಮಕ್ಕಳು ಅವಳಿಗೆ ಟಕಟಕಮ್ಮ ಅಂತ ಹೆಸರಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಹೆತ್ತವರು ಇಟ್ಟ ಹೆಸರು ಹಿಡಿದು ಯಾರಾದರೂ ಕರೆದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂತ ಅವಳೇ ಹಿಂದೆ ತಿರುಗಿ ನೋಡುತ್ತಿದ್ದಳು. ಬೆಳಗ್ಗೆ ಮಕ್ಕಳನ್ನು ಎಬ್ಬಿಸಿ, ಸ್ನಾನಕ್ಕೆ ಸಾಲು ಹಚ್ಚಿ, ತಲೆ ಬಾಚಿ, ತರಗತಿಗೆ ಬಿಟ್ಟು, ಹಾಸಿಗೆ ಕೊಡವಿ, ಊಟದ ಮನೆಗೆ ಕರೆತಂದು, ಸಂಜೆ ಒಗೆದ ಬಟ್ಟೆಗಳನ್ನು ಅವರವರ ಕಪಾಟಿಗೆ ಸೇರಿಸಿ ಮನೆಗೆ ಹೊರಡುವ ತನಕ ಅವಳು ಕೂರುತ್ತಿದ್ದುದು ಊಟಕ್ಕೆ ಮಾತ್ರ. ಅದೂ ಯಾರಾದರೂ ಲೋಟ ಬೀಳಿಸುವವರೆಗೆ.

ನೆಲ ಕಲ್ಲು ಸರಿ, ಕಾಲು ಕಲ್ಲಲ್ಲವಲ್ಲ. ಒಂದು ಬೆಳಗ್ಗೆ ಹಾಸಿಗೆಯಿಂದಿಳಿದು ಎಡಗಾಲು ಊರಿದವಳು ಗೋಡೆ ಹಿಡಿದು ನಿಂತುಬಿಟ್ಟಳು. ಹಿಮ್ಮಡಿಗೆ ಮೊಳೆ ಹೊಡೆದ ಹಾಗಿತ್ತು. ಗಂಡ ಹೋದ ಮೇಲೆ ಇವಳ ಮನೆಗೇ ಬಂದು, ಹೊಲಿಗೆ ಯಂತ್ರ ಹಾಕಿಕೊಂಡು ಕೂತಿದ್ದ ಅಕ್ಕ ಬಿಸಿನೀರಿಗೆ ಉಪ್ಪು ಹಾಕಿ ಬಕೀಟು ತಂದಿಟ್ಟಳು. ನಿಂತು ನಿಂತು ನಿನ್ನ ಕಾಲು ಹೋಯಿತು, ಕೂತು ಕೂತು ನನ್ನ ಸೊಂಟ ಹೋಯಿತು, ಇಬ್ಬರನ್ನೂ ಸೇರಿಸಿದರೆ ಒಂದು ನೆಟ್ಟಗಿನ ಹೆಂಗಸು ಸಿಕ್ಕಾಳು ಅಂತ ನಗಾಡಿದಳು. ಟಕಟಕಮ್ಮನಿಗೆ ನಗು ಬರಲಿಲ್ಲ. ಕಾಲು ನೋವೆಂದು ರಜೆ ಹಾಕುವ ಹಾಗಿರಲಿಲ್ಲ. ಮೂಲೆ ಮಂಚದ ಹುಡುಗಿ ಆಗಷ್ಟೇ ನಡೆಯತೊಡಗಿದ್ದಳು.

ಆ ಹುಡುಗಿ ಹುಟ್ಟಾ ಕಾಣದವಳಲ್ಲ. ಹಿಂದಿನ ವರ್ಷ ಜ್ವರ ಬಂದು ಕಣ್ಣು ಹೋಗಿತ್ತು. ಎಂದೂ ಕಾಣದ ಮಕ್ಕಳು ಜಗಲಿಯ ಮೇಲೆ ಮರಿಗಳ ಹಾಗೆ ಓಡುತ್ತಾರೆ. ಕಂಡು ಕಳೆದುಕೊಂಡವರ ಭಯವೇ ಬೇರೆ. ಅವಳು ಬಂದವಳೇ ಮೂಲೆಯ ಮಂಚ ಹತ್ತಿ ಕೂತಳು, ಇಳಿಯಲೇ ಇಲ್ಲ. ಊಟ ಅಲ್ಲಿಗೇ, ಪಾಠವೂ ಅಲ್ಲಿಗೇ. ಹಾಸ್ಟೆಲ್ ನೋಡಿಕೊಳ್ಳುವ ಮೇಡಂ ಕೆಟ್ಟವರಲ್ಲ, ಆದರೆ ಕಡ್ಡಿ ಮುರಿದ ಹಾಗೆ ಮಾತಾಡುವವರು. ದೊಡ್ಡ ರಜೆಯೊಳಗೆ ಹುಡುಗಿ ಒಬ್ಬಳೇ ಓಡಾಡುವುದನ್ನು ಕಲಿಯದಿದ್ದರೆ ಮನೆಗೆ ವಾಪಸು ಕಳಿಸುವುದೇ, ಮಂಚದ ಮೇಲೆ ಕೂರಿಸಿ ಸಾಕುವ ಏರ್ಪಾಡು ಇಲ್ಲಿಲ್ಲ ಅಂದುಬಿಟ್ಟಿದ್ದರು. ಆ ಮನೆ ಎಂಥದ್ದೆಂದು ತಾಯಿಯ ಬಾಯಿಂದಲೇ ಟಕಟಕಮ್ಮ ಕೇಳಿದ್ದಳು. ತಾಯಿ ದುಡಿಯಲು ಹೋದರೆ ಹೊರಗಿನಿಂದ ಚಿಲಕ ಹಾಕಿದ ಒಂದು ಕೋಣೆ, ಸಂಜೆಯ ತನಕ.

ಹಾಗಾಗಿ ಟಕಟಕಮ್ಮ ತನ್ನದೇ ಪಾಠ ಶುರು ಮಾಡಿದಳು. ಮಂಚದ ಮುಂದೆ ನಿಂತು ಟಕ್ ಎಂದು ಒಂದು ಹೆಜ್ಜೆ ಹಿಂದಿಡುವುದು, ಹುಡುಗಿ ಆ ಸದ್ದಿನತ್ತ ಒಂದು ಹೆಜ್ಜೆ ಬರುವುದು. ಮೊದಲು ಕೋಣೆಯ ಬಾಗಿಲು, ಆಮೇಲೆ ಪಡಸಾಲೆ, ಆಮೇಲೆ ಊಟದ ಮನೆ. ಒಂದೇ ಒಂದು ಕಟ್ಟಳೆ ಹಾಕಿದ್ದಳು. ಎಲ್ಲಿದ್ದರೂ ಸರಿ, ನನ್ನ ಹೆಜ್ಜೆ ನಿನ್ನ ಕಡೆ ಬರುವುದು ಕೇಳಿದರೆ ನಿಂತಲ್ಲೇ ನಿಲ್ಲು, ನಾನು ಬಂದು ಕೈ ಹಿಡಿಯುತ್ತೇನೆ. ಹುಡುಗಿ ಆ ಟಕ ಟಕವನ್ನು ಸೆರಗಿನಂತೆ ಹಿಡಿದುಕೊಂಡು ನಡೆಯುತ್ತಿದ್ದಳು. ಆದರೆ ಸದ್ದಿಲ್ಲದೆ ಒಬ್ಬಳೇ ಒಂದು ಹೆಜ್ಜೆ ಇಡು ಅಂದರೆ ಕೈಕಾಲು ಮರಗಟ್ಟಿ ಹೋಗುತ್ತಿದ್ದವು. ರಜೆ ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ಕಾಲು ಹಟ ಹಿಡಿಯಿತು. ಹಲ್ಲು ಕಚ್ಚಿ ನಡೆದರೂ ಕುಂಟು ಮುಚ್ಚಲಾಗಲಿಲ್ಲ. ಮೇಡಂ ನೋಡಿಯೇ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೇಜಿಗೆ ಕುಟ್ಟಿ ನೋಡಿ, ಇದನ್ನು ಹಾಕಿಕೊಂಡು ಕಲ್ಲಿನ ಮೇಲೆ ದಿನವಿಡೀ ನಿಲ್ಲುವುದಕ್ಕಿಂತ ಬರಿಗಾಲೇ ವಾಸಿ, ಮೆತ್ತನೆಯದು ತಗೊಳ್ಳಿ, ಇಲ್ಲವೇ ನಿಲ್ಲುವ ಕೆಲಸ ಬಿಡಿ ಅಂದರು. ಮೇಡಮ್ಮೂ ಅದನ್ನೇ ಹಿಡಿದರು. ಕಾಲು ಸರಿಹೋಗದಿದ್ದರೆ ಉಗ್ರಾಣದಲ್ಲಿ ಕೂತು ಬಟ್ಟೆ ವಿಂಗಡಿಸುವ ಕೆಲಸ ಕೊಡುತ್ತೇನೆ ಅಂತ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದಕ್ಕೇ ಅವಳಿಗೆ ಹೆಚ್ಚು ಭಯವಾಯಿತು. ಉಗ್ರಾಣ ಇದ್ದದ್ದು ಹಿತ್ತಿಲಿನಾಚೆ. ಅಲ್ಲಿ ಮಕ್ಕಳಿರುವುದಿಲ್ಲ.

ಅದೇ ಸಂಜೆ ಅಂಗಡಿಗೆ ಹೋದಳು. ಅಂಗಡಿಯವನು ಒಂದರ ಮೇಲೊಂದು ಜೋಡಿ ಇಳಿಸಿದ. ಒಂದು ಬೆರಳಿಗೆ ಬಿಗಿ, ಇನ್ನೊಂದು ಹಿಮ್ಮಡಿಗೆ ಸಡಿಲ, ಮತ್ತೊಂದು ಚಂದವೋ ಚಂದ ಆದರೆ ಒದ್ದೆ ನೆಲದಲ್ಲಿ ಜಾರುವಂಥದ್ದು. ಕೊನೆಗೆ ದಪ್ಪ ಅಟ್ಟೆಯ, ಹಿಂದೆ ಪಟ್ಟಿಯಿದ್ದ ಒಂದು ಜೋಡಿ ಕಾಲಿಗೆ ಬಂತು. ಬೆರಳಿನಿಂದ ಒತ್ತಿದರೆ ಹೊಸ ಹಾಸಿಗೆಯಂತೆ ಇಳಿದು ಮತ್ತೆ ಏಳುತ್ತಿತ್ತು. ಅವಳು ಅಂಗಡಿಯ ಉದ್ದಕ್ಕೂ ನಡೆದಳು, ತಿರುಗಿ ನಡೆದಳು, ಒಂಟಿಕಾಲಲ್ಲಿ ನಿಂತು ನೋಡಿದಳು. ಎಲ್ಲ ಪರೀಕ್ಷೆ ಮಾಡಿದ ಆ ಹೆಂಗಸು ಒಂದನ್ನು ಮಾತ್ರ ಮಾಡಲಿಲ್ಲ, ಕಿವಿಗೊಟ್ಟು ಕೇಳಲಿಲ್ಲ. ನೋವು ಬಿಟ್ಟ ಕಾಲಿನ ಸುಖದಲ್ಲಿ ಬೇರೆ ಯಾವುದೂ ತಲೆಗೆ ಬರುವುದಿಲ್ಲ. ಅದನ್ನು ತಪ್ಪೆನ್ನುವವರು ಒಂದು ದಿನ ಆ ಕಲ್ಲಿನ ಮೇಲೆ ನಿಂತು ನೋಡಲಿ.

ಮಾರನೆಯ ದಿನ ಸ್ನಾನದ ಮನೆಯ ಬಾಗಿಲಲ್ಲೇ ಒಬ್ಬ ಹುಡುಗಿ ಅವಳ ಹೊಟ್ಟೆಗೆ ಢಿಕ್ಕಿ ಹೊಡೆದಳು. ಊಟದ ಮನೆಯಲ್ಲಿ ಇನ್ನೊಬ್ಬಳು. ಅಡುಗೆಯಣ್ಣ, ದೊಡ್ಡ ಹೊಟ್ಟೆಯ ಹಾಸ್ಯಗಾರ, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಸೌಟು ಬಡಿದು ಕೇಳಿದ. ಅವಳಿಗೆ ನಾಚಿಕೆಯಾಗಿ, ಕೋಣೆಗೆ ಹೋಗುವಾಗೆಲ್ಲ ನಾನು ಬಂದೆ ಕಣ್ರೇ ಅಂತ ಬಾಯಲ್ಲಿ ಹೇಳತೊಡಗಿದಳು. ಕೈಯಲ್ಲಿ ಕೆಲಸವಿದ್ದಾಗ ಮರೆಯುತ್ತಿದ್ದಳು. ಆಮೇಲೆ, ನಿಜ ಹೇಳಬೇಕೆಂದರೆ, ಮರೆಯದಿದ್ದರೂ ಹೇಳುವುದನ್ನು ಬಿಟ್ಟಳು. ದಿಂಬಿನ ಕೆಳಗೆ ತಿಂಡಿ ಬಚ್ಚಿಡುವವಳು ಯಾರು, ಇನ್ನೊಬ್ಬಳ ರಿಬ್ಬನ್ ಕದಿಯುವವಳು ಯಾರು, ತನ್ನ ನಡಿಗೆಯನ್ನು ಅಣಕಿಸಿ ಎಲ್ಲರನ್ನೂ ನಗಿಸುವವಳು ಯಾರು, ಎಲ್ಲವೂ ಈಗ ತಾನಾಗಿ ತಿಳಿಯುತ್ತಿತ್ತು. ಇಷ್ಟು ವರ್ಷ ತನ್ನ ಮುಂದೆ ಗಂಭೀರವಾಗಿರುತ್ತಿದ್ದ ಮಕ್ಕಳು ಹಿಂದೆ ಹೀಗಿರುತ್ತಾರೆಯೇ ಅಂತ ಅವಳಿಗೆ ಖುಷಿಯಾಯಿತು. ಆ ಖುಷಿ ಕದ್ದದ್ದೆಂದು ಅವಳಿಗೆ ಹೊಳೆಯಲಿಲ್ಲ.

ಮೂಲೆ ಮಂಚದ ಹುಡುಗಿಗೆ ಮಾತ್ರ ದಾರಿ ತಪ್ಪಿದಂತಾಗಿತ್ತು. ಅವಳ ಪಾಠಕ್ಕೆಂದು ಟಕಟಕಮ್ಮ ಬೆರಳಿನಿಂದ ಚಿಟಿಕೆ ಹಾಕುತ್ತಾ ಮುಂದೆ ನಡೆದು ನೋಡಿದಳು. ಚಿಟಿಕೆ ಗಾಳಿಯಲ್ಲಿರುತ್ತದೆ, ನೆಲದಲ್ಲಿ ಇರುವುದಿಲ್ಲ. ಹುಡುಗಿ ಕೆಲವು ಹೆಜ್ಜೆ ಬಂದು ಮತ್ತೆ ಮಂಚಕ್ಕೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಮಿಕ್ಕ ಮಕ್ಕಳೆಲ್ಲ ತರಗತಿಯಲ್ಲಿದ್ದರು. ಟಕಟಕಮ್ಮ ಮಡಿಸಿದ ಬಟ್ಟೆಯ ರಾಶಿ ಹೊತ್ತು ಕೋಣೆಯ ಬಾಗಿಲಿಗೆ ಬಂದಾಗ ಹುಡುಗಿ ಮಂಚದಿಂದ ಇಳಿಯುತ್ತಿದ್ದಳು. ಯಾರೂ ಕರೆದಿರಲಿಲ್ಲ, ಯಾವ ಸದ್ದೂ ಇರಲಿಲ್ಲ. ಅಂಗೈಯನ್ನು ಗೋಡೆಗೆ ಊರಿ ಒಂದು ಹೆಜ್ಜೆ, ನಿಂತು ಇನ್ನೊಂದು ಹೆಜ್ಜೆ ಇಟ್ಟಳು. ಟಕಟಕಮ್ಮ ಮಾತಾಡಿದರೆ ಎಲ್ಲಿ ಕೆಡುತ್ತದೋ ಎಂದು ಬಟ್ಟೆಯನ್ನು ಮೆಲ್ಲಗೆ ಮಂಚದ ಮೇಲಿಟ್ಟು, ಉಸಿರು ಬಿಗಿಹಿಡಿದು, ಆ ಮೆತ್ತನೆ ಚಪ್ಪಲಿಯಲ್ಲಿ ಅವಳ ಹಿಂದೆಯೇ ಹೊರಟಳು. ಮೇಡಂಗೆ ಹೇಳುವ ಮಾತನ್ನು ಆಗಲೇ ಮನಸ್ಸಿನಲ್ಲಿ ಜೋಡಿಸುತ್ತಿದ್ದಳು.

ಹುಡುಗಿ ಪಡಸಾಲೆಯ ಕೊನೆ ಮುಟ್ಟಿ ಮೆಟ್ಟಿಲ ಕಡೆ ತಿರುಗಿದಳು. ಮಹಡಿಯಲ್ಲಿ ನಿಂತರೆ ರಸ್ತೆಯ ಬಸ್ಸು ನಿಲ್ಲುವುದು ಕೇಳಿಸುತ್ತದೆ ಅಂತ ಪಕ್ಕದ ಮಂಚದವಳು ಹೇಳಿದ್ದಳು. ಅಮ್ಮ ಬರುತ್ತಿದ್ದುದು ಬಸ್ಸಿನಲ್ಲಿ. ಮಹಡಿಯ ಜಗಲಿಗೆ ಒಂದು ಕಡೆ ಕೋಣೆಗಳ ಗೋಡೆ, ಇನ್ನೊಂದು ಕಡೆ ಅಂಗಳದ ಮೇಲೆ ಬಯಲು. ಆ ಬಯಲಿನ ಕಡೆಯ ಕಬ್ಬಿಣದ ಕಂಬಿ ತುಕ್ಕು ತಿಂದಿತ್ತೆಂದು ಆ ವಾರ ಕಿತ್ತು ಬೆಸುಗೆಗೆ ಕಳಿಸಿದ್ದರು. ಮಕ್ಕಳಿಗೆಲ್ಲ ಹೇಳಿ, ಮೆಟ್ಟಿಲ ತುದಿಯ ಬಾಗಿಲಿಗೆ ಬೀಗ ಹಾಕಿದ್ದರು. ಮೂಲೆ ಮಂಚದವಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಮಂಚವೇ ಬಿಡದವಳಿಗೆ ಮಹಡಿಯ ಮಾತೇಕೆ?

ಬೀಗವಿದೆಯಲ್ಲ, ಹತ್ತಲಿ, ಬಾಗಿಲು ಮುಟ್ಟಿ ವಾಪಸು ಬರುತ್ತಾಳೆ ಅಂದುಕೊಂಡು ಟಕಟಕಮ್ಮ ಕೆಳಗೇ ನಿಂತಳು. ಹುಡುಗಿ ತಿರುವಿನಲ್ಲಿ ಮರೆಯಾದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಗಾಳಿ ಬೀಸಿ ಬಂತು. ಬಾಗಿಲು ಹಾಕಿದ್ದರೆ ಗಾಳಿ ಎಲ್ಲಿಂದ ಬರಬೇಕು? ಕಂಬಿಯ ಅಳತೆಗೆ ಬಂದವರು ಬೀಗ ತೆಗೆದು ಹಾಗೇ ಬಿಟ್ಟು ಊಟಕ್ಕೆ ಹೋಗಿದ್ದರು.

ಅವಳು ಹೇಗೆ ಹತ್ತಿದಳೋ ಅವಳಿಗೇ ತಿಳಿಯದು. ಬಾಗಿಲಿಗೆ ಬಂದು ನೋಡಿದರೆ ಹುಡುಗಿ ಗೋಡೆ ಬಿಟ್ಟು ಜಗಲಿಯ ನಡುವಿನಲ್ಲಿದ್ದಳು. ಎರಡೂ ಕೈ ಮುಂದೆ ಚಾಚಿ, ಕಂಬಿ ಸಿಗುತ್ತದೆಂದು ನಂಬಿ, ತಡವರಿಸುತ್ತಾ ಮುಂದಕ್ಕೆ ಹೋಗುತ್ತಿದ್ದಳು. ಓಡಿ ಹಿಡಿಯುವಷ್ಟು ಹತ್ತಿರವಿರಲಿಲ್ಲ. ಕೂಗೋಣವೆಂದರೆ, ಯಾರೂ ಇಲ್ಲವೆಂದುಕೊಂಡ ಕಡೆ ಬೆನ್ನ ಹಿಂದೆ ಒಂದು ದನಿ ಬಂದರೆ ಹೊಸದಾಗಿ ಕಣ್ಣು ಕಳೆದುಕೊಂಡ ಮಕ್ಕಳು ಬೆಚ್ಚಿ ಹೆಜ್ಜೆ ಕಿತ್ತಿಡುತ್ತಾರೆ. ಮುಂದಕ್ಕೋ ಪಕ್ಕಕ್ಕೋ ಹೇಳಬರುವುದಿಲ್ಲ. ಅದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಮುಟ್ಟಿದರೂ ಅದೇ ಪಾಡು. ಅತ್ತ ದರಿ, ಇತ್ತ ಪುಲಿ. ಹಳೆಯ ಚಪ್ಪಲಿ ಕಾಲಲ್ಲಿದ್ದಿದ್ದರೆ ಮಗು ಎಂದೋ ನಿಂತಿರುತ್ತಿತ್ತು.

ಟಕಟಕಮ್ಮ ಹಿಂದೆ ಸರಿದಳು. ಸಾಯುವ ತನಕ ಮರೆಯದ ಹೆಜ್ಜೆಗಳವು. ಮಗು ಬಯಲಿನತ್ತ ಹೋಗುತ್ತಿರುವಾಗ ತಾನು ಹಿಮ್ಮುಖವಾಗಿ ಮೆಟ್ಟಿಲಿಳಿದದ್ದು. ಮಗುವಿನ ತಲೆಯಷ್ಟೇ ಕಾಣುವಲ್ಲಿ ನಿಂತು ಚಪ್ಪಲಿ ಕಳಚಿದಳು. ಆಮೇಲೆ ಎಡಗಾಲಿನ ಹಿಮ್ಮಡಿಯನ್ನು, ಅದೇ ಹಿಮ್ಮಡಿಯನ್ನು, ಕಲ್ಲಿಗೆ ಬಡಿದಳು. ಕಣ್ಣು ಕತ್ತಲೆ ಬಂತು. ಬಲಗಾಲು, ಮತ್ತೆ ಎಡಗಾಲು. ಮೊದಲು ಮೆಲ್ಲಗೆ, ದೂರದಿಂದ ಬರುವವಳಂತೆ. ಆಮೇಲೆ ಮೈಭಾರವೆಲ್ಲ ಹಾಕಿ ಜೋರಾಗಿ, ಹತ್ತಿರವಾಗುತ್ತಿರುವವಳಂತೆ. ಧಪ್, ಧಪ್. ತುಟಿ ಕಚ್ಚಿದ ಕಡೆ ಬಾಯಲ್ಲಿ ರಕ್ತದ ರುಚಿ ಬಂತು.

ಮೇಲೆ ತಲೆ ಅಲುಗದೆ ನಿಂತಿತು.

“ಟಕಟಕಮ್ಮ?” ಅಂದಳು ಹುಡುಗಿ.

“ನಾನೇ ಮರಿ. ನಿಂತಲ್ಲೇ ನಿಲ್ಲು, ಬಂದೆ,” ಅಂದಳು. ಪ್ರತಿ ಮೆಟ್ಟಿಲಿಗೂ ಹಿಮ್ಮಡಿ ಬಡಿಯುತ್ತಲೇ ಹತ್ತಿ, ಜಗಲಿ ದಾಟಿ, ಚಾಚಿದ ಆ ಪುಟ್ಟ ಕೈಯನ್ನು ಹಿಡಿದು ಎಳೆದು ಗೋಡೆಗೊರಗಿ ಕುಸಿದಳು. ಹುಡುಗಿಯ ಕಾಲಿನಿಂದ ಬಯಲಿಗೆ ಒಂದು ಹೆಜ್ಜೆಯೂ ಉಳಿದಿರಲಿಲ್ಲ.

ಏನಾಗುತ್ತಿತ್ತೆಂದು ಹೇಳಿದಾಗ ಹುಡುಗಿ ಅಳಲಿಲ್ಲ. ಅವಳ ಕೈ ಟಕಟಕಮ್ಮನ ಸೀರೆಯ ಅಂಚಿಗೆ, ಅಲ್ಲಿಂದ ಪಾದಕ್ಕೆ ಹೋಯಿತು.

“ಚಪ್ಪಲಿ ಇಲ್ಲ,” ಅಂದಳು. “ಯಾಕೆ ಬಿಚ್ಚಿದ್ರಿ?”

“ನಿಂಗೆ ಕೇಳ್ಲಿ ಅಂತ.”

“ಹಾಗಾದ್ರೆ ಮೊದಲೇ ಇದ್ರಿ. ಎಲ್ಲಿಂದ ಇದ್ರಿ?”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಈಗ ತಾನೇ ಬಂದೆ ಅಂದರೆ ಮುಗಿಯುತ್ತಿತ್ತು, ಯಾರೂ ಕಂಡಿರಲಿಲ್ಲ. ಆದರೆ ಕಾಣದ ಮಗುವಿಗೆ ಯಾರೂ ಕಾಣಲಿಲ್ಲವೆಂಬ ಧೈರ್ಯದ ಮೇಲೆ ಸುಳ್ಳು ಹೇಳುವುದು ಅವಳ ಕೈಲಾಗಲಿಲ್ಲ.

“ನೀನು ಮಂಚ ಇಳಿದಾಗಿಂದ,” ಅಂದಳು.

ಹುಡುಗಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. “ನಾನು ಒಬ್ಬಳೇ ಬಂದೆ ಅಂದ್ಕೊಂಡಿದ್ದೆ,” ಅಂದಳು.

ಅಷ್ಟೇ. ಮಂಚಕ್ಕೆ ಹೋದವಳು ಮತ್ತೆ ಇಳಿಯಲಿಲ್ಲ. ಟಕಟಕಮ್ಮ ಹತ್ತಿರ ಹೋದರೆ ಗೋಡೆಯ ಕಡೆ ಹೊರಳುತ್ತಿದ್ದಳು. ಮಾತು ಕೋಣೆಯಿಂದ ಕೋಣೆಗೆ ಹಬ್ಬಿತು. ಈಗ ಮಕ್ಕಳು ಎಲ್ಲಿ ಕಾಲಿಟ್ಟರೂ ಬಾಯಿ ಬಿಡುವ ಮುಂಚೆ ಟಕಟಕಮ್ಮಾ ಇದ್ದೀರಾ ಅಂತ ಕೇಳುತ್ತಿದ್ದರು. ಖಾಲಿ ಕೋಣೆಯನ್ನು ಕೇಳುತ್ತಿದ್ದರು, ಬಚ್ಚಲನ್ನು ಕೇಳುತ್ತಿದ್ದರು. ಉತ್ತರ ಬಾರದಿದ್ದರೂ ನಂಬದೆ ಪಿಸುಗುಟ್ಟುತ್ತಿದ್ದರು. ಪಡಸಾಲೆಯಲ್ಲಿ ಬಟ್ಟೆ ಹೊತ್ತು ನಿಂತ ಅವಳಿಗೆ ಅದು ಕಿವಿಗೆ ಕಾದ ಸೀಸ ಹೊಯ್ದ ಹಾಗೆ ಕೇಳುತ್ತಿತ್ತು. ಅವಳು ಮೆತ್ತನೆ ಚಪ್ಪಲಿ ಮನೆಯಲ್ಲೇ ಬಿಟ್ಟು ಹಳೆಯದನ್ನು ಮೆಟ್ಟಿದಳು. ಮೂರು ದಿನಕ್ಕೆ ಕಾಲು ಬಾತುಕೊಂಡು, ಮಧ್ಯಾಹ್ನವೇ ಕುಂಟುತ್ತಾ ಮನೆಗೆ ಬಂದಳು. ನಾಳೆಯಿಂದ ಉಗ್ರಾಣ ಅಂತ ಮೇಡಂ ಹೇಳಿಯಾಗಿತ್ತು. ಅವಳು ಗೋಗರೆದು ಒಂದು ವಾರ ಗಡುವು ಕೇಳಿಕೊಂಡು ಬಂದಿದ್ದಳು.

ಅಕ್ಕ ಹೊಲಿಗೆ ನಿಲ್ಲಿಸಿ ಎಲ್ಲವನ್ನೂ ಕೇಳಿದಳು. ಹಳೆಯದು ಹಾಕಿದರೆ ಕಾಲು ಉಳಿಯದು, ಹೊಸದು ಹಾಕಿದರೆ ಹುಡುಗಿ ಉಳಿಯಳು, ಏನು ಮಾಡಲಿ ಅಂತ ತಂಗಿ ಬಕೀಟಿನಲ್ಲಿ ಕಾಲಿಟ್ಟುಕೊಂಡು ಅತ್ತಳು.

“ಕಾಲು ನಿಂದು, ಕಿವಿ ಅವಳ್ದು,” ಅಂದಳು ಅಕ್ಕ. “ಚಪ್ಪಲಿ ನೀನೊಬ್ಬಳೇ ಹೋಗಿ ತಂದ್ಯಲ್ಲ, ಅದೇ ತಪ್ಪಾಗಿದ್ದು. ಈ ಸಲ ಅವಳನ್ನೂ ಕರ್ಕೊಂಡು ಇಬ್ರೂ ಹೋಗಿ.”

ಮರುದಿನ ಟಕಟಕಮ್ಮ ಮೂಲೆ ಮಂಚದ ಹತ್ತಿರ ಹಳೆಯ ಚಪ್ಪಲಿಯಲ್ಲಿ ಟಕ್ ಟಕ್ ಎಂದು ಬಂದು ನಿಂತಳು. ತಪ್ಪಾಯಿತು ಅಂದಳು. ಕದ್ದು ನೋಡಿದ್ದು ತಪ್ಪು, ಅದಕ್ಕೆ ಪ್ರೀತಿಯ ಹೆಸರು ಕೊಟ್ಟರೂ ತಪ್ಪೇ ಅಂದಳು. ಆಮೇಲೆ, ನನ್ನ ಚಪ್ಪಲಿ ನೀನು ಆರಿಸಿಕೊಡಬೇಕು, ನನಗೆ ಬರುವುದಿಲ್ಲ ಅಂದಳು. ಹುಡುಗಿ ಗೋಡೆಯ ಕಡೆಯೇ ಮುಖ ಮಾಡಿದ್ದಳು. ತಿರುಗದೆಯೇ, ನಿಮ್ಮ ಎಡಗಾಲು ನೆಲಕ್ಕೆ ಪೂರ್ತಿ ಬೀಳುತ್ತಿಲ್ಲ ಅಂದಳು. ಅದು ಅವಳು ಅಷ್ಟು ದಿನದಲ್ಲಿ ಆಡಿದ ಮೊದಲ ಮಾತು.

ಗೇಟಿನಾಚೆ ಚಪ್ಪಲಿ ಹೊಲಿಯುವ ಮುದುಕ ಕೂರುತ್ತಿದ್ದ. ಟಕಟಕಮ್ಮ ಹುಡುಗಿಯ ಕೈ ಹಿಡಿದು ಅಲ್ಲಿಗೆ ಹೋಗಿ, ಮನೆಯಿಂದ ತಂದ ಮೆತ್ತನೆ ಜೋಡಿಯನ್ನು ಅವನ ಮುಂದಿಟ್ಟು, ಇದರಡಿಗೆ ಏನಾದರೂ ಗಟ್ಟಿಯದನ್ನು ಹಚ್ಚು ಅಂದಳು. ಅವನು ಮೊದಲು ಕಬ್ಬಿಣದ ಲಾಳ ಹೊಡೆದ. ಅವಳು ಕಲ್ಲುಹಾಸಿನ ಮೇಲೆ ನಡೆದಳು. ಹುಡುಗಿ ಮುಖ ಸಿಂಡರಿಸಿದಳು. ಸದ್ದು ಚೂಪಾಯಿತು, ಇದಕ್ಕೆ ನಿಮ್ಮ ಕಾಲು ಹೆದರುತ್ತಿದೆ ಅಂದಳು. ಒದ್ದೆ ನೆಲದಲ್ಲಿ ಇದು ಜಾರುತ್ತದೆ ಕೂಡ ಅಂತ ಮುದುಕನೂ ತಲೆಯಾಡಿಸಿ ಕಿತ್ತ. ಗಟ್ಟಿ ರಬ್ಬರ್ ಹಚ್ಚಿದ. ಅದು ಮೂಗಿನಲ್ಲಿ ಮಾತಾಡುವ ಹಾಗಿತ್ತು, ಪಡಸಾಲೆಯ ತುದಿಗೆ ತಲುಪದು. ಮುದುಕನಿಗೆ ತಾಳ್ಮೆ ಕೆಟ್ಟು, ಅಮ್ಮಾ, ಇದು ಕಾಲಿಗೋ ಸಂಗೀತ ಕಚೇರಿಗೋ ಅಂತ ಕೇಳಿದ. ಹುಡುಗಿ ಅವನ ದನಿಯ ಕಡೆ ತಿರುಗಿದಳು.

“ಅವರಿಗೆ ನೋಯ್ಬಾರ್ದು,” ಅಂದಳು. “ಅವರು ಇದ್ರೆ ನಂಗೆ ಕೇಳ್ಬೇಕು. ಆಗ ಕೇಳದೇ ಇದ್ರೆ ಅವರು ಇಲ್ಲ ಅಂತ ಗೊತ್ತಾಗುತ್ತೆ.”

ಮುದುಕ ಚೀಲದ ತಳದಿಂದ ದಪ್ಪ ತೊಗಲಿನ ತುಂಡು ತೆಗೆದು, ಹಿಮ್ಮಡಿಯ ಕೆಳಗೆ ಅಂಟಿಸಿ, ಅಂಚಿಗೆ ಹೊಲಿಗೆ ಹಾಕಿದ. ಮೇಲೆ ಮೆತ್ತಗೆ, ಕೆಳಗೆ ಗಟ್ಟಿ. ಅವಳು ನಡೆದಳು. ಹುಡುಗಿ ತಲೆ ವಾಲಿಸಿ ಕೇಳಿ, ಇನ್ನೊಮ್ಮೆ ನಡೆಸಿ, ಸಾಕು ಅಂದಳು.

ಹಾಸ್ಟೆಲಿಗೆ ಬಂದಾಗ ಪಡಸಾಲೆ ಬರಿದಾಗಿತ್ತು. ಮಹಡಿಯ ಕಂಬಿ ಕೂತಾಗಿತ್ತು, ಬಾಗಿಲಿಗೆ ಬೀಗವೂ ಬಿದ್ದಿತ್ತು. ಕೋಣೆಯ ಬಾಗಿಲಲ್ಲಿ ಹುಡುಗಿ ಅವಳ ಕೈ ಬಿಟ್ಟಳು.

“ನೀವು ಅಡುಗೆಮನೆಗೆ ಹೋಗಿ,” ಅಂದಳು. “ನಾನು ಆ ಕಡೆ ಕೈ ತೊಳೆಯೋ ನಲ್ಲಿ ತನಕ ಹೋಗ್ತೀನಿ. ನಿಲ್ಬೇಡಿ.”

ಅಡುಗೆಮನೆ ಒಂದು ತುದಿ, ನಲ್ಲಿ ಇನ್ನೊಂದು ತುದಿ. ನಡುವೆ ಕಂಬಗಳು, ಒಂದು ಹೊಸ್ತಿಲು, ಯಾರೋ ಅರ್ಧ ತೆರೆದಿಟ್ಟಿರಬಹುದಾದ ಬಾಗಿಲುಗಳು. ಟಕಟಕಮ್ಮ ಬೆನ್ನು ತಿರುಗಿಸಿ ಹೊರಟಳು. ಒಂದೊಂದು ಹೆಜ್ಜೆಯನ್ನೂ ಹುಡುಗಿಗೆ ಕೇಳುವ ಹಾಗೆ ಊರಿದಳು. ಕುತ್ತಿಗೆ ತಾನಾಗಿಯೇ ಹಿಂದಕ್ಕೆ ತಿರುಗಲು ಹವಣಿಸುತ್ತಿತ್ತು. ತಿರುಗಿದರೆ ನಡಿಗೆ ತಡೆಯುತ್ತದೆ, ತಡೆದದ್ದು ಆ ಕಿವಿಗೆ ತಿಳಿಯುತ್ತದೆ. ಅವಳು ತಿರುಗಲಿಲ್ಲ. ಅಡುಗೆಮನೆಯ ಹೊಸ್ತಿಲು ದಾಟಿ ಒಲೆಯ ಪಕ್ಕದಲ್ಲಿ ನಿಂತಳು. ಅಡುಗೆಯಣ್ಣ ಏನೋ ಹಾಸ್ಯ ಮಾಡಲು ಬಾಯಿ ತೆರೆದವನು ಅವಳ ಮುಖ ನೋಡಿ ಸೌಟು ಕೆಳಗಿಟ್ಟ.

ಪಡಸಾಲೆಯಿಂದ ಏನೂ ಕೇಳಿಸಲಿಲ್ಲ. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಅವಳು ಅದನ್ನು ಇಳಿಸು ಅಂತ ಸನ್ನೆ ಮಾಡಿದಳು. ಅವನು ಇಳಿಸಿದ. ಆಗಲೂ ಏನೂ ಕೇಳಿಸಲಿಲ್ಲ. ಎಲ್ಲೋ ಒಂದು ಬಾಗಿಲು ಕಿರುಗುಟ್ಟಿ ಸುಮ್ಮನಾಯಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆಮೇಲೆ ದೂರದಲ್ಲಿ, ಪಡಸಾಲೆಯ ಆ ತುದಿಯಲ್ಲಿ, ನಲ್ಲಿ ತಿರುಗಿಸಿದ ಸದ್ದು ಬಂತು. ನೀರು ಕಲ್ಲಿನ ತೊಟ್ಟಿಗೆ ಸುರಿಯಿತು, ಬೇಕಾದಷ್ಟು ಹೊತ್ತು ಸುರಿಯಿತು, ನಿಂತಿತು. ಹುಡುಗಿ ವಾಪಸು ಹೊರಟಳೆಂದು ಟಕಟಕಮ್ಮನಿಗೆ ಗೊತ್ತಾಯಿತು. ಅವಳು ಇದ್ದಲ್ಲಿಂದ ಅಲ್ಲಾಡಲಿಲ್ಲ.